ಅತಿ ಹೆಚ್ಚು ನಡುಗುವ ಮನೆ

ಹೊನ್ನೂರಸ್ವಾಮಿಯ ಹೆಬ್ಬೆಟ್ಟಿನ ಮೇಲೆ ನನ್ನ ಕಣ್ಣು ಬಿದ್ದು ಎರಡು ವರ್ಷವಾಗಿತ್ತು. ನೋಡಲು ಅದರಲ್ಲೇನೂ ಇರಲಿಲ್ಲ. ಬಾವಿ ತೋಡುವವನ ಹೆಬ್ಬೆಟ್ಟು. ಉಗುರು ಸೀಳಿ, ಸಂದಿಯಲ್ಲಿ ಕೆಮ್ಮಣ್ಣು ಕೂತು, ತೊಳೆದರೂ ಬಿಳುಪಾಗದಂಥದ್ದು. ಆದರೆ ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಇಡೀ ಜಾಲಿಗುಡ್ಡದ ಗಣಿ ಆ ಹೆಬ್ಬೆಟ್ಟಿಗಾಗಿ ಕಾಯುತ್ತಿತ್ತು. ಅದು ಒತ್ತಿದರೆ ಗುಡ್ಡ ಸಿಡಿಯುತ್ತಿತ್ತು. ಒತ್ತದಿದ್ದರೆ ಡ್ರೈವರಿಲ್ಲದೆ ಓಡುವ ಎಂಬತ್ತು ಲಾರಿಗಳು ಸಾಲಾಗಿ ನಿಂತು ಬಿಸಿಲು ಕಾಯುತ್ತಿದ್ದವು.

ನಾನು ಗಾದಿಲಿಂಗ. ಅದೇ ಗಣಿಯ ಮೈಕ್ ನನ್ನದು. ಒಂದು ಗಂಟೆಗೆ ಗುಡ್ಡ ಸಿಡಿಯುವ ಮುನ್ನ ಊರಿಗೆಲ್ಲ ಕೇಳುವಂತೆ ಹತ್ತರಿಂದ ಒಂದರವರೆಗೆ ಎಣಿಸುವವನು ನಾನೇ. ಬರೀ ಎಣಿಸಿದರೆ ಯಾರು ಕೇಳುತ್ತಾರೆ? ಮೊದಲು ಎರಡು ಡೈಲಾಗ್ ಬಿಡುತ್ತಿದ್ದೆ. ಗುಡ್ಡ ಕೆಮ್ಮೋ ಹೊತ್ತಾತು, ಎದಿ ಗಟ್ಟಿ ಇರೋರು ಕಿವಿ ತೆರೀರಿ, ಇಲ್ಲದೋರು ಮುಚ್ಚಿಕೋರಿ, ಹಿಂಗೆ ಏನಾದರೂ. ಒಂದು ಸಲ ನಾಳೆ ಊರಿಗೆ ಶೂಟಿಂಗ್ ಬರುತ್ತದೆ, ಹೀರೋಯಿನ್ ನಮ್ಮ ಕೆರೆ ಏರಿಯ ಮೇಲೆ ಕುಣಿಯುತ್ತಾಳೆ ಎಂದು ಸುಳ್ಳು ಹೇಳಿ, ಮಾರನೆ ದಿನ ಅರ್ಧ ಊರು ಇಸ್ತ್ರಿ ಬಟ್ಟೆ ಹಾಕಿಕೊಂಡು ಏರಿಯ ಮೇಲೆ ನಿಲ್ಲುವಂತೆ ಮಾಡಿದ್ದೆ. ಬೈದರು, ನಕ್ಕರು. ಆದರೆ ನಾನು ಹೋಟೆಲಿಗೆ ಹೋದರೆ ಯಾರೂ ಎದ್ದು ಜಾಗ ಬಿಡುತ್ತಿರಲಿಲ್ಲ. ಹೊನ್ನೂರಸ್ವಾಮಿ ಬಂದರೆ ಮುದುಕರೂ ಸರಿದು ಕೂರುತ್ತಿದ್ದರು. ಪೋಸ್ಟರಿನಲ್ಲಿ ನಾನಿದ್ದೆ, ಪಿಕ್ಚರಿನಲ್ಲಿ ಅವನಿದ್ದ.

ಇದು ಹೇಗಾಯಿತೆಂದರೆ, ನಮ್ಮ ಊರಿಗೂ ಗಣಿಗೂ ಹದಿನಾಲ್ಕು ವರ್ಷ ಜಗಳ ನಡೆದಿತ್ತು. ಕಲ್ಲು, ಲಾಠಿ, ರಸ್ತೆಗೆ ಅಡ್ಡ ಮುಳ್ಳುಕಂಟಿ. ಸಭೆ ಕರೆದು ಕೈ ಎತ್ತಿಸುತ್ತಿದ್ದರು. ಯಾರ ಕೈಯನ್ನು ಯಾರು ಎತ್ತಿಸಿದರು ಎನ್ನುವುದು ಎಮ್ಮೆಗಳಿಗೂ ಗೊತ್ತಿರುತ್ತಿತ್ತು. ಕೊನೆಗೆ ಸರ್ಕಾರ ಹೊಸ ಗಣಿ ನೀತಿ ತಂದಿತು. ಕೈ ಎತ್ತುವವರನ್ನು ಕೊಳ್ಳಬಹುದು, ನಡುಗುವ ಗೋಡೆಯನ್ನು ಕೊಳ್ಳಲಾಗದು ಎಂಬುದು ಅದರ ತಿರುಳು. ಪ್ರತಿ ಮನೆಯ ನೆಲದಲ್ಲೂ ಚೊಂಬಿನಷ್ಟು ದೊಡ್ಡ ಒಂದು ಪೆಟ್ಟಿಗೆ ಹೂತರು. ನಾವು ಅದನ್ನು ನಡುಕದ ಪೆಟ್ಟಿಗೆ ಎನ್ನುತ್ತಿದ್ದೆವು. ನನ್ನ ಎಣಿಕೆ ಹತ್ತು ಎಂದಾಗ ಅದು ಎಚ್ಚರವಾಗುತ್ತದೆ, ಎರಡು ನಿಮಿಷ ನೆಲದ ನಡುಕ ಅಳೆಯುತ್ತದೆ, ಮತ್ತೆ ಮಲಗುತ್ತದೆ. ಮೂರು ತಿಂಗಳಿಗೊಮ್ಮೆ ಕಂಟ್ರೋಲ್ ರೂಮಿನ ಯಂತ್ರ ಲೆಕ್ಕ ಹಾಕಿ, ಎಲ್ಲಕ್ಕಿಂತ ಹೆಚ್ಚು ನಡುಗಿದ ಮನೆ ಯಾವುದೆಂದು ಹೇಳುತ್ತದೆ. ಆ ಮನೆಯ ಬಾಗಿಲಿಗೆ ಒಂದು ಗಾಜಿನ ಹಲಗೆ ಬರುತ್ತದೆ. ಆ ಮನೆಯವರು ಹೆಬ್ಬೆಟ್ಟು ಒತ್ತದೆ ಗಣಿಯಲ್ಲಿ ಸಿಡಿಮದ್ದು ತುಂಬಿದ ಒಂದು ಕುಳಿಯೂ ಸಿಡಿಯುವಂತಿಲ್ಲ.

ಎಣಿಕೆಯದೂ ಒಂದು ನಿಯಮವಿತ್ತು. ಊರವನ ದನಿಯಲ್ಲಿ ಒಂದು ಎಂಬ ಮಾತು ಕೇಳಿದ ಮೇಲೆಯೇ ಯಂತ್ರ ಕಿಡಿ ಕೊಡಬೇಕು, ಜನಕ್ಕೆ ತಿಳಿಯದೆ ಸಿಡಿಸಬಾರದು ಎಂದು. ಅದನ್ನು ಯಾರೂ ದೊಡ್ಡದಾಗಿ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಹಲಗೆ ಮೊದಲ ದಿನದಿಂದ ಹೊನ್ನೂರಸ್ವಾಮಿಯ ಬಾಗಿಲಲ್ಲೇ ಇತ್ತು. ಅವನ ಮನೆ ಪಡುವಣ ಕೊನೆಗೆ, ಗುಡ್ಡದ ಬುಡಕ್ಕೆ. ಗೋಡೆಯ ಬಿರುಕುಗಳಿಗೆ ಅಡ್ಡವಾಗಿ ಹಳೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಅಂಟಿಸಿದ್ದ. ದಿನಾ ಮಧ್ಯಾಹ್ನ ಒಂದೊಂದನ್ನೂ ನೋಡುತ್ತಿದ್ದ. ಎಲ್ಲ ನೆಟ್ಟಗಿದ್ದರೆ ಒತ್ತುತ್ತಿದ್ದ. ಯಾವುದಾದರೂ ಹರಿದಿದ್ದರೆ ಹಲಗೆಯ ಮೇಲೆ ಟವೆಲ್ ಹೊದಿಸಿ ಕೆಲಸಕ್ಕೆ ಹೋಗುತ್ತಿದ್ದ. ಅಂಥ ದಿನ ಕಂಟ್ರೋಲ್ ರೂಮಿನವರು ಗೊಣಗಿ, ಮಾರನೆ ದಿನ ಮದ್ದು ಕಡಿಮೆ ತುಂಬುತ್ತಿದ್ದರು. ಎರಡು ವರ್ಷ ಊರಲ್ಲಿ ಯಾರೂ ಕಲ್ಲು ಎತ್ತಲಿಲ್ಲ.

ನಮ್ಮವ್ವ ಹಂಪಮ್ಮನಿಗಂತೂ ಹೊನ್ನೂರಸ್ವಾಮಿ ಎಂದರೆ ಮುಗಿಯಿತು. ನಾನು ಉಣ್ಣುತ್ತಿರುವಾಗಲೇ ಶುರುಮಾಡುತ್ತಿದ್ದಳು. ಅವನ ವಯಸ್ಸು ಏನು, ನಿನ್ನದೇನು. ಅವನ ಮಾತಿಗೆ ಗುಡ್ಡ ನಿಲ್ಲುತ್ತದೆ, ನಿನ್ನ ಮಾತಿಗೆ ನಾಯಿನೂ ನಿಲ್ಲುವುದಿಲ್ಲ. ಹೆತ್ತ ತಾಯಿಯೇ ಎದುರಾಳಿಯ ಅಭಿಮಾನಿ ಸಂಘದ ಅಧ್ಯಕ್ಷೆಯಾದರೆ ಮಗ ಏನು ಮಾಡಬೇಕು?

ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯೆಂದರೆ ಸಾಮಾನ್ಯವಲ್ಲ. ಐದು ಏಟು, ಹಿಟ್ಟು ತಿರುಗಿಸಿ ಮತ್ತೆ ಮೂರು, ನಡುವೆ ಬಳೆ ಸದ್ದು. ಮೂಲೆಯ ಹಿತ್ತಾಳೆ ಕೊಡದಲ್ಲಿ ನೀರು ನಡುಗುವುದು ಕಂಡಿತು. ನಡುಕಕ್ಕೆ ಬೆಲೆ ಕೊಡುವ ಕಾಲದಲ್ಲಿ ನಮ್ಮ ಮನೆಯಲ್ಲಿ ಇಷ್ಟು ನಡುಕ ಪುಕ್ಕಟೆ ಹಾಳಾಗುತ್ತಿದೆಯಲ್ಲ ಅನ್ನಿಸಿತು.

ಅವ್ವ ಸಂತೆಗೆ ಹೋದ ದಿನ ಪಡಸಾಲೆಯ ಪೆಟ್ಟಿಗೆಯನ್ನು ಕಿತ್ತು, ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹೂತು, ಮೇಲೆ ಸಗಣಿ ಸಾರಿಸಿದೆ. ಕಲ್ಲು ಎರಡು ಬೆರಳು ಎತ್ತರವಾಯಿತು, ಅಷ್ಟೆ. ಆಮೇಲೆ ಅವ್ವನಿಗೆ ಮಸ್ಕಾ ಹಚ್ಚಿದೆ. ಬೆಳಿಗ್ಗೆ ಮಾಡಿಟ್ಟ ರೊಟ್ಟಿ ಮಧ್ಯಾಹ್ನಕ್ಕೆ ಒಣಗಿರುತ್ತದೆ, ನಿನ್ನ ಕೈಯ ಬಿಸಿ ರೊಟ್ಟಿ ತಿನ್ನಬೇಕು, ಮೈಕಿನಲ್ಲಿ ನಾನು ಹತ್ತು ಎಂದಾಗ ಬಡಿಯಲು ಶುರುಮಾಡು, ಕಾಲುಗಂಟೆಯಲ್ಲಿ ಮನೆಯಲ್ಲಿರುತ್ತೇನೆ ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಒಂದು ದಿನ ಹೊನ್ನೂರಸ್ವಾಮಿಯ ಹೆಸರೇ ಎತ್ತಲಿಲ್ಲ.

ಮೂರು ತಿಂಗಳು ನಾನು ಹತ್ತು ಎಂದೆ, ಅವ್ವ ಬಡಿದಳು, ಪೆಟ್ಟಿಗೆ ಬರೆದುಕೊಂಡಿತು.

ಹಲಗೆ ನಮ್ಮ ಬಾಗಿಲಿಗೆ ಬಂದ ದಿನ ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಬಿಚ್ಚಿ ತಂದುಕೊಡಲು ಹೊನ್ನೂರಸ್ವಾಮಿಯೇ ಬಂದಿದ್ದ. ಅವನ ಮುಖದಲ್ಲಿ ಸಂಕಟ ನೋಡಬೇಕೆಂದು ನಾನು ಮೂರು ತಿಂಗಳಿಂದ ಕಾದಿದ್ದೆ. ಆ ಮನುಷ್ಯ ಟವೆಲ್ಲಿನಿಂದ ಗಾಜು ಒರೆಸಿ ಕೈಗಿಟ್ಟ.

"ನಿಮ್ಮ ಕಡೀಗೂ ಇಷ್ಟು ಅಲುಗಾಡ್ತತಿ ಅಂತ ಗೊತ್ತಿರಲಿಲ್ಲಪ ಗಾದಿ," ಅಂದ. "ಗ್ವಾಡಿಗೆ ಕಾಗದ ಹಚ್ಚು. ಹರದ್ರ ಒತ್ತಬ್ಯಾಡ."

ಸೋತವನು ಗೆದ್ದವನಿಗೆ ಪಾಠ ಹೇಳಿ ಹೋದ. ಇಂಥ ಸೀನನ್ನು ಯಾವ ಡೈರೆಕ್ಟರೂ ಬರೆಯುವುದಿಲ್ಲ.

ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಹನ್ನೆರಡೂವರೆಗೆ ಗಾಜು ಹಸಿರಾಗುತ್ತಿತ್ತು. ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡು, ಹೆಬ್ಬೆಟ್ಟನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಒತ್ತುತ್ತಿದ್ದೆ. ಆಮೇಲೆ ಸೈಕಲ್ ಹತ್ತಿ ಕಂಟ್ರೋಲ್ ರೂಮಿಗೆ. ಅಲ್ಲಿ ನನಗೆ ಈಗ ಕುರ್ಚಿ ಇತ್ತು, ಚಹಾ ಬರುತ್ತಿತ್ತು.

ಕಂಟ್ರೋಲ್ ರೂಮಿನಲ್ಲಿ ನಡುಕದ ಗೆರೆಗಳನ್ನು ನೋಡುತ್ತಿದ್ದವರು ಹೊಸಪೇಟೆಯ ನಸೀಮಾ ಮೇಡಂ. ಗೋಡೆ ತುಂಬ ಪರದೆ, ಪರದೆ ತುಂಬ ಗೆರೆ, ಒಂದು ಮನೆಗೆ ಒಂದು ಗೆರೆ. ಅವರು ಹೇಳಿದ್ದರಿಂದಲೇ ನನಗೆ ಒಂದು ವಿಷಯ ತಿಳಿದದ್ದು. ಗುಡ್ಡದಲ್ಲಿ ನೂರು ಕುಳಿ ಒಟ್ಟಿಗೆ ಸಿಡಿಯುವುದಿಲ್ಲ. ಒಂದರ ಹಿಂದೆ ಒಂದು, ರೆಪ್ಪೆ ಬಡಿಯುವುದರೊಳಗೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬದಲಿಸಿದರೆ ನಡುಕವನ್ನು ಆ ಕಡೆಗೋ ಈ ಕಡೆಗೋ ತಳ್ಳಬಹುದು. ಹೆಬ್ಬೆಟ್ಟಿನ ಮನೆಗೆ ನಡುಕ ಕಡಿಮೆಯಾಗುವಂತೆ ಯಂತ್ರ ದಿನಾ ತಾನೇ ಸರದಿ ಬದಲಿಸುತ್ತಿತ್ತು. ನೀತಿಯಲ್ಲೇ ಹಾಗೆ ಬರೆದಿತ್ತು.

"ಒಂದ್ ತಿಂಗಳಿಂದ ನಿಮ್ಮ ಮನಿಯಿಂದ ದೂರ ತಳ್ಳಾಕತ್ತೀವಿ ಗಾದಿಲಿಂಗ," ಅಂದರು ಮೇಡಂ. "ಎಷ್ಟು ತಳ್ಳಿದ್ರೂ ನಿಮ್ಮ ಗೆರಿ ಇಳಿಯವಲ್ದು. ಅದೂ ಸಿಡಿಯೋಕಿಂತ ಮೊದ್ಲ ನಡುಗ್ತತಿ."

ನಮ್ಮ ಮನೆಗೆ ನನ್ನ ದನಿ ಕೇಳಿದರೇ ಹೆದರಿಕೆ ಮೇಡಂ ಎಂದೆ. ನಕ್ಕರು. ನಕ್ಕಮೇಲೂ ಗೆರೆಯನ್ನು ನೋಡುತ್ತಲೇ ಇದ್ದರು. ಸೋಮವಾರ ಬಂದು ಪೆಟ್ಟಿಗೆ ಪರೀಕ್ಷೆ ಮಾಡುತ್ತೇನೆ ಎಂದರು. ಸೋಮವಾರದೊಳಗೆ ಪೆಟ್ಟಿಗೆಯನ್ನು ಪಡಸಾಲೆಗೆ ಸಾಗಿಸಿದರಾಯಿತು ಎಂದುಕೊಂಡೆ. ನಮ್ಮ ಮನೆಯಿಂದ ತಳ್ಳಿದ ನಡುಕ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲವೇನೋ.

ಉತ್ತರ ತಾನಾಗಿಯೇ ಹೋಟೆಲಿಗೆ ಬಂತು. ಹೊನ್ನೂರಸ್ವಾಮಿಯ ಹೆಂಡತಿ ಕೊಟ್ರಮ್ಮ ಹೆತ್ತು ಎಂಟನೆಯ ದಿನ. ನಾನು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಅವನು ಎದುರಿಗೆ ಕೂತು ಜೇಬಿನಿಂದ ಕಾಗದದ ಪಟ್ಟಿಗಳನ್ನು ತೆಗೆದು ಬೆಂಚಿನ ಮೇಲೆ ಹರವಿದ. ಏಳು ಪಟ್ಟಿ, ಏಳೂ ಹರಿದಿದ್ದವು. ಮಗುವಿನ ಹಿಂದಿನ ಗೋಡೆಯಲ್ಲಿ ಬಿರುಕಿನೊಳಗೆ ಅಂಗೈ ಹೋಗುತ್ತದೆ ಎಂದ.

"ಹದಿಮೂರು ದಿನ ಬ್ಯಾಡ ಅನ್ನಪ," ಅಂದ. "ಬಾಣಂತಿ ಮೂಲ್ಯಾಗ ಅದಾಳ. ಇಪ್ಪತ್ತೊಂದು ಮುಗಿಯೋತನ ಹೊಸ್ತಿಲು ದಾಟ್ಸಂಗಿಲ್ಲ ಅಂತ ಹಿರ್ಯಾರು ಕುಂತಾರ. ಆಮ್ಯಾಲ ಬೇರೆ ಕಡಿ ಇಡ್ತೀನಿ."

ಹೋಟೆಲಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಇದು ನನ್ನ ಸೀನು. ನಾನು ಕೂಲಿಂಗ್ ಗ್ಲಾಸ್ ಸರಿಸಿ, ಹಿಂದಕ್ಕೆ ಒರಗಿ, ದನಿ ಇಳಿಸಿದೆ.

"ಕೇಳೋದಕ್ಕೂ ಒಂದ್ ಸ್ಟೈಲ್ ಇರ್ತತಿ ಹೊನ್ನೂರ. ಗುಡ್ಡದ ಮುಂದ ನಿಂತೋನು ತಲಿ ಎತ್ತಿ ಮಾತಾಡಬಾರ್ದು."

"ಹೆಂಗ ಕೇಳಬೇಕು ಹೇಳು," ಅಂದ ಅವನು. "ಹಂಗ ಕೇಳ್ತೀನಿ."

ನಿಜವಾಗಿಯೂ ಕೇಳಲು ಸಿದ್ಧನಿದ್ದ. ಅಕ್ಕಪಕ್ಕದವರು ಅವನ ಕಡೆ ನೋಡಿದ ನೋಟ ಇತ್ತಲ್ಲ, ನಾನು ಗೆದ್ದ ದಿನವೂ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಬೇಡುವಾಗಲೂ ಇವನೇ ದೊಡ್ಡವನಾಗುತ್ತಾನಲ್ಲ ಎಂದು ಮಂಡಕ್ಕಿಯ ತಟ್ಟೆಯನ್ನು ಆಚೆ ತಳ್ಳಿದೆ. ನೋಡೋಣ ಎಂದಷ್ಟೇ ಹೇಳಿ ಎದ್ದೆ.

ಬೇಡ ಎಂದರೆ ಏನಾಗುತ್ತಿತ್ತು? ನಿಜವಾಗಿ ನಡುಗುವ ಗೋಡೆ ಅವನದೇ ಎಂದು ನಾನೇ ಊರಿಗೆ ಸಾರಿದಂತೆ ಆಗುತ್ತಿತ್ತು. ಮಾರನೆ ದಿನ ಹನ್ನೆರಡೂವರೆಗೆ ಗಾಜು ಹಸಿರಾಯಿತು. ಅವತ್ತು ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಬ್ಬೆಟ್ಟು ತಿರುಗಿಸದೆ ಸುಮ್ಮನೆ ಒತ್ತಿದೆ. ಒಳಗೆ ಇಣುಕಿಯೂ ನೋಡದೆ, ರೊಟ್ಟಿ ಬಿಸಿ ಇರಲಿ ಎಂದು ಕೂಗಿ ಸೈಕಲ್ ಹತ್ತಿದೆ.

ಕಂಟ್ರೋಲ್ ರೂಮಿನಲ್ಲಿ ಮೈಕ್ ಮುಂದೆ ಕೂತಾಗ ಡೈಲಾಗ್ ಏನೂ ಬರಲಿಲ್ಲ. ನೇರವಾಗಿ ಹತ್ತು ಎಂದೆ.

ಒಂಬತ್ತು ಎನ್ನುವಾಗ ಅಭ್ಯಾಸದಂತೆ ಪರದೆಯಲ್ಲಿ ನಮ್ಮ ಮನೆಯ ಗೆರೆ ನೋಡಿದೆ. ಅದು ಸಪಾಟಾಗಿತ್ತು. ಎಂಟು. ಅವ್ವ ಮರೆತಳೇನೋ ಅನ್ನಿಸಿತು. ನಸೀಮಾ ಮೇಡಂ ಕೂಡ ಅದೇ ಗೆರೆಯ ಮುಂದೆ ಬಗ್ಗಿ, ಇವತ್ತು ಸುಮ್ಮನಿದೆಯಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಏಳು. ಆಗ ಪರದೆಯ ಪಡುವಣ ತುದಿಯಲ್ಲಿ ಒಂದು ಗೆರೆ ಏಳುವುದು ಕಂಡಿತು. ಐದು ಏಟು. ಸ್ವಲ್ಪ ಬಿಡುವು. ಮೂರು ಏಟು. ಆರು. ಮತ್ತೆ ಐದು ಏಟು. ಬಿಡುವು. ಮೂರು.

ಆ ಕೋಣೆಯಲ್ಲಿ ಹನ್ನೊಂದು ಜನ ಕಲಿತವರಿದ್ದರು. ಅದು ಯಾರ ಕೈ ಎಂದು ತಿಳಿದವನು ನಾನೊಬ್ಬನೇ.

ಅವ್ವ ಬಾಣಂತಿಗೆ ಬಿಸಿ ರೊಟ್ಟಿ ಮಾಡಿಕೊಡಲು ಹಿಟ್ಟು ಕಟ್ಟಿಕೊಂಡು ಹೊನ್ನೂರಸ್ವಾಮಿಯ ಮನೆಗೆ ಹೋಗಿದ್ದಳು. ನನ್ನ ದನಿ ಕೇಳಿದೊಡನೆ ಅವಳ ಕೈ ತಾನಾಗಿ ಬಡಿಯಲು ತೊಡಗಿತ್ತು. ಅಂಗೈ ತೂರುವ ಬಿರುಕಿನ ಗೋಡೆಯ ಪಕ್ಕದಲ್ಲಿ ಅವಳು, ಕೊಟ್ರಮ್ಮ, ಒಂಬತ್ತು ದಿನದ ಕೂಸು. ಯಂತ್ರ ಅವತ್ತಿನ ನಡುಕವನ್ನೂ ನಮ್ಮ ಮನೆಯಿಂದ ಆಚೆ, ಪಡುವಣಕ್ಕೆ ತಳ್ಳಲು ಸರದಿ ಜೋಡಿಸಿ ಮುಗಿಸಿತ್ತು. ಒತ್ತಿದ ಹೆಬ್ಬೆಟ್ಟನ್ನು ಹಿಂದೆ ಪಡೆಯುವ ದಾರಿ ಇರಲಿಲ್ಲ.

ಐದು, ನಾಲ್ಕು, ಮೂರು ಎಂದು ನನ್ನ ಬಾಯಿ ತಾನೇ ಹೇಳಿತು. ಎರಡು ಎಂದಿತು. ಅಲ್ಲಿಗೆ ನಿಂತಿತು.

ಯಂತ್ರ ಕಾಯಿತು. ಕೆಂಪು ದೀಪ ಮಿಟುಕಿಸುತ್ತ ಕಾಯಿತು. ಕೆಳಗೆ ಇಡೀ ಊರು ಕಿವಿ ಮುಚ್ಚಿಕೊಂಡು ಕಾಯಿತು. ನಸೀಮಾ ಮೇಡಂ ನನ್ನ ಕಡೆ ತಿರುಗಿದರು. ಮೈಕ್ ಆನ್ ಆಗಿಯೇ ಇತ್ತು. ನನಗೆ ಆ ಮೈಕಿನಲ್ಲಿ ಒಂದು ಸಾದಾ ಮಾತು ಆಡಿ ಗೊತ್ತಿರಲಿಲ್ಲ.

"ಅವ್ವ," ಎಂದೆ. "ಬಡಿಯೋದು ಬಿಟ್ಟು ಹೊರಗ ಬಾ. ಕೂಸು, ಬಾಣಂತಿ, ಇಬ್ಬರ್ನೂ ಕರ್ಕೊಂಡು ಬಾ. ಹಿರ್ಯಾರು ಬೈದ್ರ ನನ್ನ ಬೈಲಿ. ನಾನು ಒಂದು ಅನ್ನಂಗಿಲ್ಲ, ಹೆದರಬ್ಯಾಡ." ಆಮೇಲೆ ಇನ್ನೂ ಹೇಳಬೇಕಿತ್ತು. "ನಮ್ಮ ಮನಿ ನಡುಗಂಗಿಲ್ಲರೀ. ನಾನು ಪೆಟ್ಟಿಗಿನ ರೊಟ್ಟಿ ಕಲ್ಲಿನ ಕೆಳಗ ಹೂಳಿದ್ದೆ. ನಡುಗೋದು ಹೊನ್ನೂರನ ಮನಿ."

ಪರದೆಯಲ್ಲಿ ಪಡುವಣ ಗೆರೆ ಐದನೆಯ ಏಟಿಗೇ ನಿಂತಿತು.

ಅರ್ಧ ಗಂಟೆಯಲ್ಲಿ ಊರೆಲ್ಲ ಕಂಟ್ರೋಲ್ ರೂಮಿನ ಗೇಟಿನ ಮುಂದಿತ್ತು. ಕೊಟ್ರಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಸೆರಗಿನೊಳಗೆ ಇಟ್ಟುಕೊಂಡು ಬೇವಿನ ನೆರಳಿಗೆ ಕೂತಿದ್ದಳು. ಅವ್ವ ಅವಳ ಪಕ್ಕದಲ್ಲಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ನನಗೆ ಬಿಸಿ ರೊಟ್ಟಿಯ ಆಸೆ ಯಾಕೆ ಹುಟ್ಟಿತ್ತು ಎಂದು ಅವಳಿಗೆ ಮೈಕಿನಲ್ಲಿ, ಊರಿನ ಜೊತೆಗೇ ತಿಳಿದಿತ್ತು. ಅವಳು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು.

ನಸೀಮಾ ಮೇಡಂ ಹೊರಗೆ ಬಂದು ಕಾನೂನು ಓದಿದರು. ಅವರ ದನಿ ಗಟ್ಟಿಯಾಗಿರಲಿಲ್ಲ. ಸುಳ್ಳು ನಡುಕ ಕಂಡುಬಂದ ಊರಿಗೆ ತೊಂಬತ್ತು ದಿನ ಹೆಬ್ಬೆಟ್ಟಿನ ಹಕ್ಕು ಇರುವುದಿಲ್ಲ. ಅಷ್ಟು ದಿನ ಯಂತ್ರದ ಲೆಕ್ಕದಂತೆ ಸಿಡಿತ ನಡೆಯುತ್ತದೆ. ನಾಳೆಯಿಂದ ಯಂತ್ರಕ್ಕೆ ಸರಿಯಾದ ಲೆಕ್ಕ ಕೊಡುತ್ತೇನೆ, ನಡುಕ ಹಂಚಿಹೋಗುತ್ತದೆ, ಆದರೆ ಆ ಬಿರುಕು ಹಂಚಿದ ನಡುಕವನ್ನಾದರೂ ತಡೆಯುತ್ತದೆಂದು ನಾನು ಮಾತು ಕೊಡಲಾರೆ ಎಂದರು.

ಒಬ್ಬನ ತಪ್ಪಿಗೆ ಊರಿನ ಹೆಬ್ಬೆಟ್ಟು ಕಿತ್ತುಕೊಳ್ಳುತ್ತೀರಾ ಎಂದು ಹಿಂದಿನಿಂದ ಯಾರೋ ಕೇಳಿದರು. ಇನ್ನೊಬ್ಬರು ಬಗ್ಗಿ ಕಲ್ಲು ತೆಗೆದುಕೊಂಡರು. ಎರಡು ವರ್ಷದಲ್ಲಿ ಅದೇ ಮೊದಲನೆಯ ಕಲ್ಲು. ಕಿಟಕಿಗೋ ನನಗೋ ಗೊತ್ತಾಗಲಿಲ್ಲ. ನಾನು ಕಿಟಕಿಯ ಮುಂದೆಯೇ ನಿಂತಿದ್ದರಿಂದ ಎರಡೂ ಒಂದೇ ಆಗಿತ್ತು.

ಅಷ್ಟರಲ್ಲಿ ಹೊನ್ನೂರಸ್ವಾಮಿ ಬಂದ. ಗೋಡೆಗೆ ಆಸರೆ ಕೊಡಲು ಮರದ ತೊಲೆ ತರಲು ಪಕ್ಕದೂರಿಗೆ ಹೋಗಿದ್ದನಂತೆ. ಗಾಡಿಯಲ್ಲಿ ನಾಲ್ಕು ತೊಲೆ ಇದ್ದವು. ಮೊದಲು ಬೇವಿನ ಕೆಳಗೆ ಹೋಗಿ ಕೂಸಿನ ಮುಖದ ಬಟ್ಟೆ ಸರಿಸಿ ನೋಡಿದ. ಆಮೇಲೆ ನನ್ನ ಕಡೆ ಬಂದ. ನಾಲ್ಕು ಬಿಗಿಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಹೊಡೆದಿದ್ದರೆ ಚೆನ್ನಾಗಿತ್ತು, ಲೆಕ್ಕ ಸರಿಹೋಗುತ್ತಿತ್ತು. ಅವನು ನನ್ನನ್ನು ದಾಟಿ ಮೇಡಂ ಮುಂದೆ ನಿಂತು, ಹೆಬ್ಬೆಟ್ಟು ಹೋದರೆ ಎಣಿಕೆಯೂ ಹೋಗುತ್ತದೆಯೇ ಎಂದು ಕೇಳಿದ.

ಮೇಡಂ ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಇಲ್ಲ, ಅದು ಬೇರೆ ಕಲಮು, ಊರವನೇ ಎಣಿಸಬೇಕು ಎಂದರು. ನಡುವೆ ಎಣಿಕೆ ನಿಲ್ಲಿಸಿದವನಿಗೆ ಶಿಕ್ಷೆ ಏನಾದರೂ ಬರೆದಿದೆಯೇ ಎಂದು ಕೇಳಿದ. ಬರೆದವರು ಅಷ್ಟು ಯೋಚನೆ ಮಾಡಿಲ್ಲ ಎಂದು ಮೇಡಂ ನಿಧಾನವಾಗಿ ಹೇಳಿದರು. ಅವರ ತುಟಿಯ ಕೊನೆ ಒಂದಿಷ್ಟು ಅಲುಗಿತು.

"ಹಂಗಾರ ಮೈಕ್ ಇವನ ಕೈಯಾಗ ಇರ್ಲಿ," ಅಂದ ಹೊನ್ನೂರಸ್ವಾಮಿ ಊರಿನ ಕಡೆ ತಿರುಗಿ. "ಬಾಜೂಕ ನಾನು ನಿಂದರ್ತೀನಿ. ನಾನು ಹೂಂ ಅನ್ನೋತನ ಇವನು ಒಂದು ಅನ್ನಬಾರ್ದು."

ಕಲ್ಲು ಹಿಡಿದವರು ಅದನ್ನು ಒಮ್ಮೆ ನೋಡಿ ಕೆಳಗೆ ಬಿಟ್ಟರು. ಇವನನ್ನು ಇನ್ನೂ ಹೇಗೆ ನಂಬುವುದು ಎಂದು ಅವ್ವನೇ ಕೇಳಿದಳು. ಊರಿನ ಎಲ್ಲರ ಪರವಾಗಿ ನನ್ನ ತಾಯಿಯೇ ಕೇಳಿದಳು. ಅದಕ್ಕೆ ಅವನು, ನಂಬುವುದು ಬೇಡ, ನೋಡುತ್ತಿದ್ದರೆ ಸಾಕು ಎಂದ.

ಮಾರನೆ ದಿನ ಒಂದು ಗಂಟೆಗೆ ಅವನು ಕಂಟ್ರೋಲ್ ರೂಮಿಗೆ ಬಂದು ನನ್ನ ಕುರ್ಚಿಯ ಪಕ್ಕದಲ್ಲಿ ನಿಂತ. ಅಂಗಿಯಲ್ಲಿ ಗೋಡೆಯ ಸುಣ್ಣ. ಮೂರು ತೊಲೆ ನಿಲ್ಲಿಸಿದ್ದ, ನಾಲ್ಕನೆಯದು ಒಬ್ಬನಿಂದ ಆಗದೆ ಬಾಗಿಲಲ್ಲೇ ಬಿದ್ದಿತ್ತು. ನಾನು ಹತ್ತರಿಂದ ಎಣಿಸಿದೆ. ಎರಡಕ್ಕೆ ಬಂದು ನಿಂತು ಅವನ ಮುಖ ನೋಡಿದೆ.

ಅವನು ತಲೆ ಅಲ್ಲಾಡಿಸಿದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಅಷ್ಟೇ. ಎಂಬತ್ತು ಲಾರಿ ನಿಂತವು. ಕೆಳಗೆ ಬೀದಿಯಲ್ಲಿ ಜನ ಕಿವಿಯಿಂದ ಕೈ ತೆಗೆದು ಊಟಕ್ಕೆ ಹೋದರು. ನಾನು ವರ್ಷಗಟ್ಟಲೆ ಡೈಲಾಗ್ ಹೊಡೆದು ಮಾಡಲಾಗದ್ದನ್ನು ಇವನು ಬಾಯಿಯನ್ನೇ ಬಿಡದೆ ಮಾಡಿದ.

ಮೈಕ್ ಆರಿಸಿ ಅವನ ಹಿಂದೆಯೇ ಹೋದೆ. ಅವನ ಮನೆಯ ಬಾಗಿಲಲ್ಲಿ ತೊಲೆ ಬಿದ್ದಿತ್ತು. ಒಂದು ತುದಿ ಸಪೂರ, ಇನ್ನೊಂದು ದಪ್ಪ. ದಪ್ಪ ತುದಿಯ ಕಡೆ ನಾನು ಹೋಗುವಷ್ಟರಲ್ಲಿ ಅವನು ಅಲ್ಲಿ ಬಗ್ಗಿಯಾಗಿತ್ತು. ಭಾರದ ಕಡೆಯೂ ಅವನಿಗೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಸಪೂರ ತುದಿ ಹಿಡಿದು ಎತ್ತಿದೆ.